ಚುಪ್‌ವಾಲಿ ಅಜ್ಜಿಯ ಗರಿಗರಿ ದೋಸೆ

ಪುಟ್ಟಾ, ಚಿನ್ನೂ, ನಿಮಗೆ ಇಬ್ಬರು ಅಜ್ಜಿಯರು. ಅಮ್ಮನ ತಾಯಿ ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ. ಅಪ್ಪನ ತಾಯಿಯಾದ ನಾನು ಡೊಂಬಿವಲಿಯಲ್ಲಿ, ನಿಮ್ಮ ಜೊತೆಗೇ. ನೀವು ಚಿಕ್ಕವರಿದ್ದಾಗ ಒಂದು ಸಂಜೆ ಪುಟ್ಟ ಪಕ್ಕದ ಮನೆಯ ಹುಡುಗನಿಗೆ ಚಕ್ಕುಲಿ ಕೊಡುತ್ತಿದ್ದ.

"ಅಜ್ಜಿ ನೇ ಬನಾಯಾ," ಅಜ್ಜಿ ಮಾಡಿದ್ದು ಎಂದ.

"ಕೌನ್ಸೀ ಅಜ್ಜಿ?"

ಯಾವ ಅಜ್ಜಿ ಎಂಬ ಆ ಹುಡುಗನ ಪ್ರಶ್ನೆಗೆ ಪುಟ್ಟನೆಂದ, "ಠಾಣೆವಾಲಿ ನಹೀ ರೇ, ಚುಪ್‌ವಾಲಿ!"

ಚುಪ್‌ವಾಲಿ, ಅಂದರೆ ಸುಮ್ಮನೆ ಕೂರುವವಳು. ಸುಳ್ಳೇನಲ್ಲ. ನಿಮ್ಮ ಅಜ್ಜ ಹೋದ ಮೇಲೆ ನನ್ನೊಡನೆ ಕನ್ನಡದಲ್ಲಿ ಹರಟೆ ಹೊಡೆಯುವವರು ಇರಲಿಲ್ಲ. ನಿಮ್ಮ ಹಿಂದಿ, ಮರಾಠಿಯ ನಡುವೆ ಬಾಯಿ ತೆರೆಯಲು ನನಗೆ ನಾಚಿಕೆ. ಆದರೂ ಆ ಪದ ಅಂಟಿಕೊಂಡುಬಿಟ್ಟರೆ ನಿಮ್ಮ ಪಾಲಿಗೆ ನಾನು ಮೂಲೆಯ ಕಪಾಟಿನಂತೆಯೇ ಉಳಿಯುತ್ತೇನೆಂದು ಹೆದರಿಕೆಯಾಯಿತು. ಆ ವಿಶೇಷಣವನ್ನು ಹೇಗಾದರೂ ಕಳಚಬೇಕಿತ್ತು.

ನಮ್ಮ ಹಳ್ಳಿಶಾಲೆಯ ಮಾಸ್ತರರು ವಿಶೇಷಣದ ಪಾಠ ಮಾಡಿದ್ದು ನೆನಪಾಯಿತು. "ಹಸು ಎಂದರೆ ಊರಿನ ಹಸುಗಳೆಲ್ಲ ಬಂದವು. ಕಪ್ಪು ಹಸು ಎಂದರೆ ಅರ್ಧದಷ್ಟು ಹಟ್ಟಿಗೆ ಹೋದವು. ಹಾಯುವ ಕಪ್ಪು ಹಸು ಎಂದರೆ ಒಂದೇ ಉಳಿಯಿತು. ಈಗ ನೀವು ಓಡಿ!"

ಮರುದಿನ ಭಾನುವಾರ. ಪುಟ್ಟ ತಟ್ಟೆ ಹಿಡಿದು ಬಂದ. "ಅಜ್ಜಿ, ದೋಸೆ."

ಡಬ್ಬಿಯ ಅಡಿಯಲ್ಲಿದ್ದ ತಣ್ಣಗಿನ, ಹರಿದ ದೋಸೆ ಹಾಕಿದೆ.

"ಯೇ ಕ್ಯಾ!"

"ದೋಸೆ ಕೇಳಿದಿ, ಕೊಟ್ಟೆ. ಎಂಥ ದೋಸೆ ಅಂತ ನೀನು ಹೇಳ್ಲೇ ಇಲ್ಲ ಮಾರಾಯ."

"ಬಿಸಿ ದೋಸೆ!"

ಬಿಸಿಯಾದದ್ದನ್ನೇ ಕೊಟ್ಟೆ, ಕಂಬಳಿಯಷ್ಟು ದಪ್ಪದ್ದು. ಚಿನ್ನುವಿಗೆ ಉಪಾಯ ಹೊಳೆಯಿತು.

"ಬಿಸಿ, ತೆಳು... ಅಜ್ಜಿ, ಕ್ರಿಸ್ಪೀ ಕೋ ಕ್ಯಾ ಬೋಲ್ತೇ?"

"ಗರಿಗರಿ."

"ಬಿಸಿ ತೆಳು ಗರಿಗರಿ ದೋಸೆ!"

ಅವಳಿಗೆ ತುಪ್ಪ ಸವರಿ ಬಡಿಸಿದೆ. ಪುಟ್ಟ ಸೋಲಲಿಲ್ಲ. "ನಂಗೆ ಬಿಸಿ ತೆಳು ಗರಿಗರಿ ದೊಡ್ಡ ದೋಸೆ!"

ಅಂಗೈಗಿಂತ ಚಿಕ್ಕದೊಂದು ಹುಯ್ದು ಕೊಟ್ಟೆ.

"ಇದು ದೊಡ್ಡದಾ?"

"ಇರುವೆಗೆ ದೊಡ್ಡದೇ ಅಲ್ವಾ?"

ಅಷ್ಟರಲ್ಲಿ ಪೇಪರಿನ ಹಿಂದೆ ನಿಮ್ಮಪ್ಪ ಗೊಳ್ಳೆಂದು ನಕ್ಕ. "ಅಮ್ಮಾ, ನೀನು ಇಷ್ಟು ತರಲೆ ಅಂತ ನಂಗೇ ಗೊತ್ತಿರ್ಲಿಲ್ಲ!"

ಆಮೇಲೆ ಎಷ್ಟೋ ಭಾನುವಾರ ಈ ಆಟ ನಡೆಯಿತು. ದೀಪಾವಳಿಗೆ ಪಕ್ಕದ ಹುಡುಗ ಮತ್ತೆ "ಕೌನ್ಸೀ ಅಜ್ಜಿ?" ಎಂದು ಕೇಳಿದಾಗ ನಾನು ಒಳಗಿನಿಂದ ಸೌಟು ಹಿಡಿದೇ ಕಿವಿಗೊಟ್ಟೆ.

"ತರಲೆ ಅಜ್ಜಿ!" ಎಂದ ಪುಟ್ಟ.

"ಮತ್ಲಬ್?" ಹಾಗೆಂದರೇನು ಎಂದು ಕೇಳಿದ ಆ ಹುಡುಗ.

"ಮತ್ಲಬ್... ಇರುವೆಯ ದೋಸಾ ಕೊಡೋಳು!"

ಈಗ ನವಿಮುಂಬಯಿಗೆ ಸಾಮಾನು ಕಟ್ಟುತ್ತಿದ್ದೀರಿ. ಹಳೆ ಕಾಗದ ಎಂದರೆ ರದ್ದಿಯವನ ತಕ್ಕಡಿಗೆ ಹೋಗುತ್ತದೆ. ನಾನು ಬರೆದಿಟ್ಟ ಈ ಹಾಳೆಗಳು ಕೈಗೆ ಸಿಕ್ಕಿದಾಗ ಹಾಗೆನ್ನಬೇಡಿ ಮಕ್ಕಳೇ. ತರಲೆ ಅಜ್ಜಿಯ ಕಾಗದ ಎನ್ನಿ, ಜೋಪಾನವಾಗಿ ಎತ್ತಿಡಿ.