ವಾಸುವಿನ ನಾಲಗೆಗೆ ನಾನೆರೆದ ಕಳ್ಳು

ನನ್ನ ತಮ್ಮ ವಾಸುವಿಗೆ ಕುಡಿತ ಕಲಿಸಿದ್ದು ನಾನು. ಆಗ ಅವನಿಗೆ ಹನ್ನೆರಡು, ನನಗೆ ಹದಿನಾರು. ಊರು ಇಷ್ಟು ವರ್ಷ ಅವನ ಪೋಲಿ ಗೆಳೆಯರನ್ನು ಬೈಯಿತು — ಬೈಯಲಿ ಎಂದು ನಾನೂ ಸುಮ್ಮನಿದ್ದೆ.

ಐವತ್ತರ ದಶಕದ ಕೊನೆ. ಸಿದ್ಧಕಟ್ಟೆಯ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲ, ಎಡೆ ಬಡಿಸುವ ಪೂಜೆ. ಸರಕಾರ ಕಳ್ಳು ನಿಷೇಧಿಸಿದ್ದ ಕಾಲವಾದರೂ ದೈವದ ಪಾಲು ಹೇಗೋ ಬಂದು ಸೇರುತ್ತಿತ್ತು. ದೈವವನ್ನು ಹಿಡಿದೊಯ್ಯುವ ಪೊಲೀಸರು ಇನ್ನೂ ಹುಟ್ಟಿರಲಿಲ್ಲ. ಬಡಿಸಿ ಮುಗಿದ ಮೇಲೆ ಗಂಡಸರು ಒಂದೊಂದು ಗುಟುಕು ಪ್ರಸಾದ ತೆಗೆದುಕೊಳ್ಳುತ್ತಿದ್ದರು. ಆ ವರ್ಷ ಮಾವ ನಗುತ್ತ ವಾಸುವಿಗೂ ದೊನ್ನೆ ತುಂಬಿಸಿ ಕೊಟ್ಟರು. ವಾಸು ಉಗ್ಗುತ್ತಿದ್ದ. ತನ್ನ ಹೆಸರು ಹೇಳಲೂ ಕಣ್ಣು ಮುಚ್ಚಿ ಒದ್ದಾಡುವವನು... ಆ ಸಂಜೆ ಅಂಗಳದಲ್ಲಿ ನಿಂತು ಮೇಷ್ಟ್ರ ಅಣಕು ಮಾಡಿ ಎಲ್ಲರನ್ನೂ ನಗಿಸಿದ, ಒಂದಕ್ಷರವೂ ತಡೆಯದೆ! ದೈವ ಒಲಿಯಿತು ಎಂದೇ ನಾನು ನಂಬಿದೆ. ಎಷ್ಟು ಚಂದದ ಸಂಜೆ ಅದು — ನೆನೆದರೆ ಈಗಲೂ ನಗು ಬರುತ್ತದೆ, ಆಮೇಲೆ ನಾಚಿಕೆ.

ಮರುದಿನ ಮೂಡುಬಿದಿರೆಯಲ್ಲಿ ಭಾಷಣ ಸ್ಪರ್ಧೆ. ಉಳಿದ ಕಳ್ಳನ್ನು ಔಷಧದ ಬಾಟಲಿಯಲ್ಲಿ ಅಡಗಿಸಿ ಒಯ್ದೆ. ಬಸ್ಸಿಳಿದು, ಒಂದು ಗೋಡೆಯ ಮರೆಯಲ್ಲಿ ಅವನ ಕೈಗಿಟ್ಟೆ.

“ಸ್ವಲ್ಪ ಕುಡಿ ಮಾರಾಯ, ದೈವದ್ದು. ನಾಲಗೆ ಸಡಿಲ ಆಗ್ತದೆ.”

“ಅ... ಅಮ್ಮ ಬೈತಾರೆ ಅಕ್ಕ.”

“ಅಮ್ಮನಿಗೆ ಹೇಳುವವರು ಯಾರುಂಟು?”

ಗೆದ್ದ. ಬಹುಮಾನದ ಲೋಟ ಮೇಜಿನ ಮೇಲಿಟ್ಟುಕೊಂಡು ಹೋಟೆಲಿನಲ್ಲಿ ಗೋಳಿಬಜೆ ತಿಂದೆವು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆಮೇಲೆ ಪಾಠ ಒಪ್ಪಿಸುವ ದಿನವೆಲ್ಲ ಅವನು ನನ್ನ ಮುಖ ನೋಡುತ್ತಿದ್ದ. ಮರದಿಂದ ಕಳ್ಳಿಳಿಸುವ ಬಾಬುವಿನ ಬಳಿ ದೈವದ ಹೆಸರು ಹೇಳಿ ನಾನೇ ತಂದುಕೊಟ್ಟೆ. ವರ್ಷ ತಿರುಗುವುದರೊಳಗೆ ಬೆಳಗ್ಗೆ ಅವನ ಕೈ ನಡುಗತೊಡಗಿತು. ಮುತ್ತಿನಂಥ ಅಕ್ಷರ ಗೆರೆ ಬಿಟ್ಟು ಇಳಿಯಿತು. ಗಂಜಿ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಬಾಯಿಪಾಠವಿದ್ದ ಮಗ್ಗಿ ಮರೆತುಹೋಯಿತು. ಎಲ್ಲಕ್ಕಿಂತ — ಕುಡಿಯದೆ ಬಾಯಿ ತೆರೆಯಲೇ ಹೆದರುತ್ತಿದ್ದ. ಮೊದಲು ಉಗ್ಗುತ್ತಲಾದರೂ ಇಡೀ ದಿನ ನನ್ನ ಬೆನ್ನಿಗೆ ಬಿದ್ದು ಹರಟುತ್ತಿದ್ದವನು! ಅದನ್ನೂ ನಾನು ಕಸಿದೆ. ಇನ್ನು ಬೇಡ ಎಂದು ಕೈ ಹಿಡಿದ ದಿನ ನನ್ನನ್ನು ದೂಡಿ ಹೋದ. ಅಷ್ಟರಲ್ಲಿ ಕೊಡುವವರು ಬೇರೆ ಸಿಕ್ಕಿದ್ದರು.

ಗೊತ್ತಾದ ದಿನ ಅಮ್ಮ ಅವನಿಗೆ ಬಾಸುಂಡೆ ಬರುವಂತೆ ಹೊಡೆದರು. “ಯಾರು ಕಲಿಸಿದ್ದು, ಹೇಳ್ತೀಯೋ ಇಲ್ಲವೋ?”

ನಾನು ಬಾಗಿಲ ಬಳಿಯೇ ಇದ್ದೆ. ವಾಸು ತುಟಿ ಬಿಗಿದು ನಿಂತ. ಉಗ್ಗಿನವನಿಗೆ ಮಾತು ಹೊರಡುತ್ತಿಲ್ಲವೆಂದು ಅಮ್ಮ ಸೋತು ಕೋಲು ಬಿಸುಟರು. ಅವನು ನನ್ನನ್ನು ಉಳಿಸುತ್ತಿದ್ದ, ನನಗದು ಗೊತ್ತಿತ್ತು. ಆದರೂ ನಾನು — ಒಂದು ಹೆಜ್ಜೆ ಮುಂದಿಡಲಿಲ್ಲ.

ವಾಸು ಶಾಲೆ ಬಿಟ್ಟ. ಬಂಟ್ವಾಳದ ಅಂಗಡಿಗಳಲ್ಲಿ ಮೂಟೆ ಹೊತ್ತ. ಮದುವೆಯಾಯಿತು, ಒಬ್ಬಳು ಮಗಳು ಹುಟ್ಟಿದಳು. ನಲವತ್ತು ದಾಟುವ ಮೊದಲೇ ಲಿವರ್ ಕೆಟ್ಟು ತೀರಿಕೊಂಡ.

ಮೊನ್ನೆ ಆ ಮಗಳು ನನ್ನ ಕೈ ಹಿಡಿದು ಕುಳಿತು, “ಅಪ್ಪನಿಗೆ ನಮ್ಮ ಯಾರ ಮೇಲೂ ಪ್ರೀತಿ ಇರಲಿಲ್ಲ, ಅಲ್ಲವಾ ಅತ್ತೆ?” ಎಂದಳು.

“ಇತ್ತು ಮಗಾ,” ಎಂದೆ. ಎಲ್ಲವನ್ನೂ ಹೇಳಿದೆ — ಸ್ಪರ್ಧೆ, ಬಾಟಲಿ, ಅಮ್ಮನ ಹೊಡೆತ, ಅವನ ಮೌನ, ನನ್ನದು.

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. ನಾನು ಮತ್ತೆ ಹಿಡಿಯಲು ಹೋಗಲಿಲ್ಲ.