ಮುಳ್ಳಿಲ್ಲದ ಕುಸುಬಿ

ಕಳೆದ ವಾರ ಸುಲೇಪೇಟದ ಗಾಣಕ್ಕೆ ಕುಸುಬಿ ಒಯ್ದಿದ್ದೆ. ಎಣ್ಣೆ ಇಳಿದ ಮೇಲೆ ಯಂತ್ರದ ಬಾಯಿಂದ ಹಿಂಡಿ ಬಿಸಿಬಿಸಿಯಾಗಿ ಹೊರಬೀಳುತ್ತದೆ. ಅರ್ಧ ಹುರಿದ ಕಾಳಿನ ವಾಸನೆ, ಅರ್ಧ ಹಸಿ ಕಟ್ಟಿಗೆಯ ವಾಸನೆ. ಅದರ ಒಂದು ಚೂರನ್ನು ಎತ್ತಿಕೊಂಡು ಮೂಗಿನ ಹತ್ತಿರ ಹಿಡಿದೆ. ಹಾಗೆ ಹಿಡಿಯುವ ಅಭ್ಯಾಸ ನನ್ನದಲ್ಲ, ನಮ್ಮ ಬೀಜದ ಸರ್ ಅವರದು. ಕೈಯಲ್ಲಿನ ಹಿಂಡಿ ಆರುವವರೆಗೂ ಅಲ್ಲೇ ನಿಂತಿದ್ದೆ...

ಅವರು ತೀರಿಕೊಂಡು ವರ್ಷದ ಮೇಲಾಯಿತು. ನಮಗೆ ಸುದ್ದಿ ತಡವಾಗಿ ತಿಳಿಯಿತು. ಸೇಡಂ ಕಡೆಯಿಂದ ಬಂದವರೊಬ್ಬರು ಬೇರೇನೋ ಮಾತಿನ ನಡುವೆ ಹೇಳಿದರು. ಕೊನೆಯ ದರ್ಶನಕ್ಕೆ ಹೋಗುವುದಿರಲಿ, ಅಳಲಿಕ್ಕೂ ಅದು ಸರಿಯಾದ ಹೊತ್ತಾಗಿರಲಿಲ್ಲ.

ಬೀಜದ ಸರ್ ಎಣ್ಣೆಕಾಳುಗಳ ಹೊಸ ತಳಿ ಮಾಡುವ ಕಚೇರಿಯವರು. ಸೇಡಂನಲ್ಲಿ ನದಿಯ ಕಡೆಗಿನ ಓಣಿಯಲ್ಲಿ ಅವರ ಮನೆ. ಮನೆತನ ಗುಡಿಯ ಪೂಜೆಯವರದು. ಅಣ್ಣ ಪೂಜೆ ನೋಡಿಕೊಂಡರು, ಇವರು ಓದಿ ನೌಕರಿ ಹಿಡಿದರು. ನಮ್ಮ ಮಾವ ಹೊಲದ ಒಂದು ಮೂಲೆಯನ್ನು ಅವರ ಪ್ರಯೋಗಕ್ಕೆ ಬಿಟ್ಟುಕೊಟ್ಟಿದ್ದರು. ನಾನು ಆಗ ಮದುವೆಯಾಗಿ ಬಂದ ಹೊಸತು. ಏಳನೆಯ ತರಗತಿ ಓದಿದ್ದೆ ಅಷ್ಟೇ. ಆದರೂ ಯಾವ ಗಿಡಕ್ಕೆ ಏನು ಮಾಡುತ್ತಿದ್ದೇನೆ ಎಂದು ಅವರು ನನಗೂ ಹೇಳುತ್ತಿದ್ದರು, ಮಾವನಿಗೆ ಹೇಳಿದಷ್ಟೇ ಸಾವಧಾನವಾಗಿ.

ಕುಸುಬಿ ಕೊಯ್ಯುವುದೆಂದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬೇಡದ ಕೆಲಸ. ನಸುಕಿನಲ್ಲಿ ಇಬ್ಬನಿ ಇರುವಾಗ ಮುಳ್ಳು ಮೆತ್ತಗಿರುತ್ತದೆ. ಆಗಲೇ ಕೊಯ್ದು ಮುಗಿಸಬೇಕು. ಬಿಸಿಲೇರಿತೆಂದರೆ ಗಿಡದ ತುಂಬ ಸೂಜಿ. ಹಳೆಯ ಸೀರೆ ಹರಿದು ಕಾಲಿಗೂ ಕೈಗೂ ಸುತ್ತಿಕೊಂಡರೂ ಮುಳ್ಳು ಒಳಗೆ ಬರುತ್ತಿತ್ತು. ಆ ದಿನಗಳಲ್ಲಿ ಸಂಜೆ ಹಿಟ್ಟು ನಾದುವಾಗ ಅಂಗೈ ಉರಿಯುತ್ತಿದ್ದುದು ನನಗಿನ್ನೂ ನೆನಪಿದೆ. ಕೂಲಿಗೆ ಬರುವವರು ಒಬ್ಬೊಬ್ಬರಾಗಿ ಬಿಟ್ಟರು. ಕೊಯ್ಯಲು ಜನ ಸಿಗುವುದಿಲ್ಲವೆಂದು ಹೊಲದವರು ಕುಸುಬಿ ಬಿತ್ತುವುದನ್ನೇ ಕಡಿಮೆ ಮಾಡಿದರು.

ಸರ್‌ಗೆ ಇದೇ ಚಿಂತೆ. ಮುಳ್ಳಿಲ್ಲದ ಕುಸುಬಿ ಅವರ ಹತ್ತಿರ ಇತ್ತು, ಆದರೆ ಅದರಲ್ಲಿ ಎಣ್ಣೆ ಕಡಿಮೆ. ನಮ್ಮ ಮುಳ್ಳಿನ ಕುಸುಬಿಯಲ್ಲಿ ಎಣ್ಣೆ ಚೆನ್ನಾಗಿತ್ತು. ಎರಡನ್ನೂ ಕೂಡಿಸಿ, ಮುಳ್ಳು ಬಿಟ್ಟು ಎಣ್ಣೆ ಉಳಿಸಿಕೊಳ್ಳುವ ಗಿಡ ಬೇಕಿತ್ತು ಅವರಿಗೆ. ಮುಳ್ಳಿಲ್ಲದ ಗಿಡದ ಹೂವು ಬಿಚ್ಚುವ ಮೊದಲೇ ಚಿಮಟದಿಂದ ಅದರ ಗಂಡುಭಾಗ ತೆಗೆದು, ಮುಳ್ಳಿನ ಗಿಡದ ಪರಾಗ ಸವರಿ, ಜೇನು ಮುಟ್ಟದಂತೆ ಚೀಲ ಕಟ್ಟುತ್ತಿದ್ದರು. ಮರುವರ್ಷ ಆ ಬೀಜದಿಂದ ಬಂದ ಗಿಡಗಳಿಗೆಲ್ಲ ಮುಳ್ಳೇ ಮುಳ್ಳು. ನೆರೆಮನೆಯ ದೊಡ್ಡವ್ವ ಕೊಯ್ಯುವ ಹೆಣ್ಣುಮಕ್ಕಳ ಮುಂದಾಳು. ಆಕೆ ಸುಮ್ಮನಿರುವವಳಲ್ಲ.

“ಏನ್ರೀ ಸರ್, ಅಷ್ಟು ಮುಸುಕು ಹಾಕಿ ಮದುವಿ ಮಾಡಿದ್ರಿ. ಕೂಸು ಎಲ್ಲಾ ಅಪ್ಪನಂಗೇ ಹುಟ್ಟ್ಯಾವಲ್ಲ!”

“ತಡಿಯವ್ವಾ, ಮೊಮ್ಮಕ್ಕಳು ಬರ್ಲಿ. ಆಗ ಅವ್ವನ ಮಾರಿ ಕಾಣ್ತದ,” ಎಂದಿದ್ದರು ಸರ್.

ಮೊಮ್ಮಕ್ಕಳ ಕಾಲಕ್ಕೆ ಅಲ್ಲೊಂದು ಇಲ್ಲೊಂದು ಗಿಡ ನುಣ್ಣಗೆ ಬಂತು. ಆದರೆ ನುಣ್ಣಗಿದ್ದವುಗಳಲ್ಲಿ ಎಣ್ಣೆ ಇರಲಿಲ್ಲ. ಯಾಕೆ ಹೀಗೆ ಎಂದು ನಾನೇ ಕೇಳಿದೆ. ಸರ್ ಅತ್ತಿತ್ತ ನೋಡಿ, ದೊಡ್ಡವ್ವ ಕಾಲಿನಿಂದ ಬಿಚ್ಚಿಟ್ಟಿದ್ದ ಕೆಂಪು ಸೀರೆಯ ಪಟ್ಟಿಯನ್ನೂ ಇನ್ನೊಬ್ಬಳ ನೀಲಿ ಪಟ್ಟಿಯನ್ನೂ ತೆಗೆದುಕೊಂಡರು. “ಕೆಂಪಿನ ಈ ತುದಿಗೆ ಎಣ್ಣಿ ಅದ, ಆ ತುದಿಗೆ ಮುಳ್ಳು ಅದ. ನೀಲಿಗೆ ಎರಡೂ ಇಲ್ಲ. ಹಂಗೇ ಇಡೀ ಪಟ್ಟಿ ಮಕ್ಕಳಿಗೆ ಹೋದ್ರ ಎಣ್ಣಿ ಬಂದಲ್ಲಿ ಮುಳ್ಳೂ ಬರ್ತದ. ನಡುವ ಹರೀಬೇಕು, ಹರಿದು ಅದಲುಬದಲಾಗಿ ಕೂಡಬೇಕು,” ಎನ್ನುತ್ತ ಎರಡನ್ನೂ ನಡುವೆ ಪರ್ರನೆ ಹರಿದು, ಕೆಂಪಿನ ಅರ್ಧಕ್ಕೆ ನೀಲಿಯ ಅರ್ಧ ಗಂಟು ಹಾಕಿ ತೋರಿಸಿದರು. “ಗಿಡದ ಒಳಗ ಇದು ತಾನಾಗೇ ಆಗ್ತದ ತಂಗಿ. ಆದ್ರ ಎಲ್ಲಿ ಹರೀತದ, ಯಾವಾಗ ಹರೀತದ, ಅದು ನನ್ನ ಕೈಯಾಗಿಲ್ಲ.”

“ಸೀರಿ ಹರಿಯೋದು ಮಾತ್ರ ನಿಮ್ಮ ಕೈಯಾಗ ಛಲೋ ಅದ ನೋಡ್ರಿ,” ಎಂದಳು ದೊಡ್ಡವ್ವ. ಸರ್ ನಾಚಿಕೊಂಡು ಗಂಟು ಬಿಚ್ಚಲು ನೋಡಿದರು. ಬರಲಿಲ್ಲ.

ಹೀಗೆ ವರ್ಷಗಳು ಹೋದವು. ಅವರಿಗೆ ನಿವೃತ್ತಿ ಹತ್ತಿರ ಬಂತು. ಕೊನೆಯ ಹಂಗಾಮಿನಲ್ಲಿ ಒಂದು ಗಿಡ ಬಂತು. ಮೈಯೆಲ್ಲ ನುಣುಪು. ಮೊದಲು ಬಲಿತ ಒಂದು ಹೂವಿನ ಕಾಳನ್ನು ಪರೀಕ್ಷೆಗೆ ಕಳಿಸಿದ್ದರು. ಆ ಕಾಳನ್ನು ಅಲ್ಲಿ ಅರೆದೇ ನೋಡುತ್ತಾರೆ, ಹಿಂದಿರುಗಿ ಬರುವುದಿಲ್ಲ. ಎಣ್ಣೆ ಮುಳ್ಳಿನ ಕುಸುಬಿಯಷ್ಟೇ ಇದೆ ಎಂಬ ಉತ್ತರ ಬಂತು. ಅಂದು ಸರ್ ಹೊಲಕ್ಕೆ ಬಂದವರು ಗಿಡದ ಮುಂದೆ ಚಪ್ಪಲಿ ಬಿಟ್ಟು ನಿಂತುಕೊಂಡಿದ್ದರು... ಉಳಿದ ಹೂಗಳು ಒಣಗುವವರೆಗೆ ಕಾಯಬೇಕಿತ್ತು. ಗಿಡಕ್ಕೊಂದು ಚೀಟಿ ಕಟ್ಟಿದರು.

ದನಕರು ಬರದಂತೆ ಮುಳ್ಳಿಲ್ಲದ ಸಾಲುಗಳ ಸುತ್ತ ಮುಳ್ಳಿನ ಕುಸುಬಿಯನ್ನೇ ಬೇಲಿಯ ಹಾಗೆ ಬಿತ್ತಿದ್ದರು. ಕೊಯ್ಲಿನ ದಿನ ನಸುಕಿನಲ್ಲಿ ಮೊದಲು ಆ ಬೇಲಿಯನ್ನೇ ಕೊಯ್ಯಿಸಿದರು. ಮುಳ್ಳು ಗಟ್ಟಿಯಾಗುವ ಮೊದಲು ನಮ್ಮ ಕೈಗೆ ಬಿಡುವು ಸಿಗಲೆಂಬುದು ಅವರ ಮನಸ್ಸು. “ನಡುವಿನವಕ್ಕ ಅವಸರ ಇಲ್ರವ್ವಾ. ಅವನ್ನ ಬಿಸಿಲಾಗ ಆರಾಮ ಕೊಯ್ಯಬಹುದು, ಅದಕ್ಕೇ ಅಲ್ಲೇನು ಇಷ್ಟು ಒದ್ದಾಡಿದ್ದು! ಹೋಗಿ ಉಣ್ರಿ,” ಎಂದರು. ಚೀಟಿಯ ಗಿಡವನ್ನು ತಾವೇ ಕೊಯ್ಯುವವರಿದ್ದರು. ಅದಕ್ಕೆ ಬೇರೆ ಬಟ್ಟೆಯ ಚೀಲ ಬೇಕಿತ್ತು. ಬಸ್ಸಿನಲ್ಲಿ ಬರುವ ಚೀಲ ತರಲು ರಸ್ತೆಗೆ ಹೋದರು. ನಾವು ಬಾವಿಯ ಹತ್ತಿರ ಬೇವಿನ ನೆರಳಿಗೆ ಬುತ್ತಿ ಬಿಚ್ಚಿದೆವು.

ಕೊಯ್ದ ಹೊಲದಲ್ಲಿ ಯಾರ ಕುರಿಯಾದರೂ ಮೇಯಬಹುದು, ಅದು ನಮ್ಮಲ್ಲಿ ಎಂದಿನಿಂದಲೂ ನಡೆದು ಬಂದದ್ದು. ಬೇರೆ ಕಡೆಯಿಂದ ಹಿಂಡು ಹೊಡೆದುಕೊಂಡು ಬಂದ ಕುರಿಗಾಹಿಯೊಬ್ಬ ಸುತ್ತಲೂ ಕುಸುಬಿ ಕೊಯ್ದದ್ದನ್ನು ಕಂಡ. ಹೊಲ ಖಾಲಿಯಾಯಿತೆಂದುಕೊಂಡು ಕುರಿ ಬಿಟ್ಟ. ನಾವು ಗದ್ದಲ ಕೇಳಿ ಓಡಿ ಬರುವಷ್ಟರಲ್ಲಿ ನಡುವಿನ ಸಾಲುಗಳನ್ನು ಕುರಿಗಳು ಮೇಯ್ದು ಮುಗಿಸಿದ್ದವು. ಚೀಟಿ ಕೂಡ ಇರಲಿಲ್ಲ.

ಹೆಣ್ಣುಮಕ್ಕಳು ಕುರಿಗಾಹಿಯ ಮೇಲೆ ಬಿದ್ದರು. ಅವನು ಕೋಲು ಕೆಳಗಿಟ್ಟು ಕೈ ಮುಗಿದ. “ಯವ್ವಾ, ನಡುವ ಇದ್ದದ್ದು ಕಸ ಅಂತ ತಿಳದೀನ್ರಿ. ಮುಳ್ಳಿಲ್ಲದ್ದಕ್ಕ ಕುಸುಬಿ ಅಂತ ಯಾರು ಅಂತಾರ್ರಿ?”

ಅಷ್ಟರಲ್ಲಿ ಸರ್ ಚೀಲ ಹಿಡಿದುಕೊಂಡು ಬಂದರು. ನೋಡಿದರು. ಚೀಟಿಯ ಗಿಡವಿದ್ದ ಜಾಗದವರೆಗೆ ನಡೆದು ಹೋದರು. ಆಮೇಲೆ ಕುರಿಗಾಹಿಯನ್ನು ಕೇಳಿದರು, “ಕುರಿ ಬಾಯಿಗೆ ಏನರ ಚುಚ್ಚ್ಯಾದೇನಪಾ?”

“ಇಲ್ರಿ ಯಪ್ಪಾ.”

“ಹಂಗಾದ್ರ ಅರ್ಧಾ ಕೆಲಸ ಆಗ್ಯಾದ. ಹೋಗು, ಹೊಡಕೊಂಡು ಹೋಗು.”

ಯಾರೂ ನಗಲಿಲ್ಲ. ಅವರು ಬದುವಿನ ಮೇಲೆ ಕೂತು, ಖಾಲಿ ಚೀಲವನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು...

ನೆಲದ ತುಂಬ ಕಾಳು ಚೆಲ್ಲಿತ್ತು. ಕುರಿಯ ಕಾಲಿಗೆ ಸಿಕ್ಕು ಉದುರಿದ ಕಾಳು. ಕುಸುಬಿ ಕಾಳು ಬೆಳ್ಳಗೆ, ನಮ್ಮ ನೆಲ ಕಪ್ಪು. ದೊಡ್ಡವ್ವ ಕೂತು ಆರಿಸತೊಡಗಿದಳು. ಸರ್ ತಲೆ ಎತ್ತಿದರು.

“ಬ್ಯಾಡವ್ವಾ, ಎಲ್ಲಾ ಕಲಸಿ ಹೋಗ್ಯಾವ. ಯಾವ ಕಾಳು ಯಾವ ಗಿಡದ್ದು ಅಂತ ನನಗೂ ತಿಳಿಯಂಗಿಲ್ಲ.”

“ತಿಳೀದಿದ್ರ ಬಿಡ್ರಿ. ಇದರಾಗೇ ಎಲ್ಲೋ ಅದ ಇಲ್ಲ? ನೀವು ಸುಮ್ಮ ಕುಂದ್ರಿ.”

ಅವರು ಸುಮ್ಮನೆ ಕೂರಲಿಲ್ಲ. ನಮ್ಮ ಜೊತೆಗೇ ಮೊಣಕಾಲೂರಿ, ಒಡೆದ ನೆಲದ ಬಿರುಕುಗಳಲ್ಲಿ ಬೆರಳು ಹಾಕಿ ಆರಿಸಿದರು. ಯಾವಾಗಲೂ ತಮ್ಮ ಡಬ್ಬಿಯ ಮೊಸರನ್ನ ಬಿಟ್ಟು ಬೇರೆಯದನ್ನು ಮುಟ್ಟದವರು ಅಂದು ದೊಡ್ಡವ್ವ ಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ತಿಂದರು. ತಿನ್ನುತ್ತಿದ್ದೇನೆ ಎಂಬುದು ಅವರ ಗಮನಕ್ಕೆ ಬಂದಿತ್ತೋ ಇಲ್ಲವೋ. ಹೊತ್ತು ಮುಳುಗುವಷ್ಟರಲ್ಲಿ ಒಂದು ಸೆರಗು ತುಂಬುವಷ್ಟು ಕಾಳಾಗಿತ್ತು.

ತಂದೆತಾಯಿ ಗೊತ್ತಿಲ್ಲದ ಬೀಜಕ್ಕೆ ತಮ್ಮ ಕೆಲಸದಲ್ಲಿ ಜಾಗವಿಲ್ಲವೆಂದು ಅವರೇ ಹೇಳಿದರು. ಆ ಬೇಸಿಗೆಯಲ್ಲಿ ನಿವೃತ್ತರಾದರು. ಹಿಂಗಾರಿ ಬಿತ್ತನೆಯ ಹೊತ್ತಿಗೆ ಬಸ್ಸು ಹಿಡಿದು ಬಂದು ನಮ್ಮ ಪಡಸಾಲೆಯಲ್ಲಿ ಕೂತು, “ತಂಗಿ, ಆ ಆರಿಸಿದ ಕಾಳು ಬದುವಿನ ಬಾಜೂ ಒಂದು ಸಾಲು ಹಾಕ್ತೀಯೇನು?” ಎಂದು ಕೇಳಿದರು. ಕೇಳಲಿಕ್ಕೆ ಅವರಿಗೆ ಸಂಕೋಚವಾಗಿತ್ತು. ಮಾವ ನನಗಿಂತ ಮೊದಲೇ ಹೂಂ ಅಂದರು.

ಅಂದಿನಿಂದ ಪ್ರತಿ ವರ್ಷವೂ ಹಾಕಿದೆ. ಮೊಗ್ಗು ಬರುವಾಗ ಯಾವುದಕ್ಕೆ ಮುಳ್ಳಿದೆ ಎಂದು ತಿಳಿಯುತ್ತದೆ. ಹೂವಾಗುವ ಮೊದಲೇ ಅದನ್ನು ಕಿತ್ತುಬಿಡಬೇಕು. ಕಿತ್ತರೂ ಮರುವರ್ಷ ಮತ್ತೆ ಕೆಲವಕ್ಕೆ ಮುಳ್ಳು ಬರುತ್ತಿತ್ತು. ನಾನು ಬೇಸರ ಮಾಡಿಕೊಂಡರೆ ಸರ್, “ಆಜೂಬಾಜೂ ಹೊಲದಾಗ ಮುಳ್ಳಿನ ಕುಸುಬಿ ಅದ. ಜೇನು ಅದರ ಪರಾಗ ತಂದು ಇದಕ್ಕ ಹಚ್ಚತಾವ. ಜೇನಿಗೆ ನಾವೇನು ಹೇಳೂಣು?” ಎನ್ನುತ್ತಿದ್ದರು. ಒಂದೊಂದು ಗಿಡದ ಕಾಳನ್ನೂ ಕಾಗದದ ಮೇಲೆ ಒತ್ತಿ, ಎಣ್ಣೆಯ ಕಲೆ ಹರಡುವುದನ್ನು ನೋಡಿ, ಮೂಸಿ, ಚೆನ್ನಾಗಿದ್ದುದನ್ನು ಬೀಜಕ್ಕೆ ಇಡಿಸುತ್ತಿದ್ದರು. “ಇದು ಪರೀಕ್ಷಾ ಅಲ್ಲ ತಂಗಿ, ಬರೇ ಸಮಾಧಾನ,” ಎಂದೂ ಹೇಳುತ್ತಿದ್ದರು. ಕಣ್ಣು ಮಂಜಾದ ಮೇಲೆ ಕಲೆ ನೋಡುವ ಕೆಲಸ ನನಗೆ ಬಂತು, ಮೂಸುವುದು ಅವರಿಗೇ ಉಳಿಯಿತು. ಆಮೇಲೆ ಬರುವುದು ಕಡಿಮೆಯಾಯಿತು. ಆಮೇಲೆ ನಿಂತಿತು...

ಮಾವ ಇಲ್ಲ. ದೊಡ್ಡವ್ವನೂ ಇಲ್ಲ. ಈ ಸಲ ಮೊಗ್ಗಿನ ಕಾಲಕ್ಕೆ ಎಂದಿನಂತೆ ಸಾಲಿಗಿಳಿದೆ. ಆ ತುದಿಯಿಂದ ಈ ತುದಿಯವರೆಗೆ ಕೈ ಆಡಿಸುತ್ತ ಬಂದೆ. ಒಂದೂ ಚುಚ್ಚಲಿಲ್ಲ. ನಂಬಿಕೆಯಾಗದೆ ಇನ್ನೊಮ್ಮೆ ಹೋಗಿ ಬಂದೆ. ಇಡೀ ಸಾಲು ನುಣ್ಣಗಿತ್ತು. ಸೇಡಂಗೆ ಯಾರ ಕೈಯಲ್ಲಿ ಹೇಳಿ ಕಳಿಸಲಿ ಎಂದು ಒಂದು ಕ್ಷಣ ಯೋಚನೆ ಕೂಡ ಬಂತು.

ಆಮೇಲೆ ಬೆನ್ನು ನೆಟ್ಟಗೆ ಮಾಡಿ ಸುತ್ತ ನೋಡಿದೆ. ಒಂದು ಕಡೆ ತೊಗರಿ, ಒಂದು ಕಡೆ ಕಡಲೆ, ಅದರಾಚೆ ಜೋಳ, ಮತ್ತೆ ತೊಗರಿ. ಎಷ್ಟು ದೂರ ನೋಡಿದರೂ ಇನ್ನೊಂದು ಕುಸುಬಿ ಹೊಲವಿರಲಿಲ್ಲ. ಹೋದ ವರ್ಷವೇ ಎಲ್ಲರೂ ಬಿಟ್ಟಿದ್ದರು. ಜೇನು ಮುಳ್ಳನ್ನು ತರುವುದಾದರೂ ಎಲ್ಲಿಂದ?

ಬೆಳೆ ಒಣಗಿದ ಮೇಲೆ ನಾನೊಬ್ಬಳೇ ಹೋದೆ. ಇಬ್ಬನಿಗೆ ಕಾಯಲಿಲ್ಲ, ಕೈಗೆ ಬಟ್ಟೆ ಸುತ್ತಿಕೊಳ್ಳಲಿಲ್ಲ. ಮಧ್ಯಾಹ್ನದ ಉರಿಬಿಸಿಲಿನಲ್ಲಿ, ಬರಿಗೈಯಿಂದ, ಆರಾಮಾಗಿ ಕೊಯ್ದೆ.