ಬಾಗಿಲ ಸಂದಿಯ ಚಪ್ಪಲಿ

ಆ ಹವಾಯಿ ಚಪ್ಪಲಿಯ ನಡುವೆ ಅಡ್ಡಲಾಗಿ ಒಂದು ಗೆರೆ ಇಳಿದಿತ್ತು. ನೀಲಿ ರಬ್ಬರಿನಲ್ಲಿ ಉಗುರು ಹೂತುಕೊಳ್ಳುವಷ್ಟು ಆಳ. ಬಾಗಿಲಿನ ಅಂಚು ಮೂರು ವರ್ಷ ಒತ್ತಿ ಒತ್ತಿ ಮಾಡಿದ ಗೆರೆ ಅದು.

ಯಲಹಂಕದ ನಮ್ಮ ಮನೆಯ ಮುಂಬಾಗಿಲು ಎಳೆದರೆ ತಾನಾಗಿ ಲಾಕ್ ಆಗುತ್ತದೆ. ಹೊರಗಿನಿಂದ ತೆಗೆಯಲು ಕೀ ಬೇಕು. ಅಮ್ಮ, ಅಣ್ಣ, ನಾನು, ಮೂವರ ಹತ್ತಿರವೂ ಒಂದೊಂದಿತ್ತು. ಅತ್ತಿಗೆಯ ಹತ್ತಿರ ಇರಲಿಲ್ಲ. ಮದುವೆಯಾಗಿ ಹುಬ್ಬಳ್ಳಿಯಿಂದ ಬಂದಾಗಿನಿಂದ, ಮೊಸರಿಗೋ ಕೊತ್ತಂಬರಿಗೋ ಹೊರಗೆ ಹೋಗಬೇಕಾದರೆ ಅವರು ಆ ಹಳೆಯ ಚಪ್ಪಲಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಓಡಿ ಹೋಗಿ ಬರುತ್ತಿದ್ದರು. ನಮಗದು ತಮಾಷೆಯಾಗಿತ್ತು.

ಆ ತಿಂಗಳು ಸಂಜೆ ಎಲ್ಲರೂ ಕೂತು ಒಂದು ಧಾರಾವಾಹಿ ನೋಡುತ್ತಿದ್ದೆವು. ಭಯದ ಕತೆ, ಆದರೆ ದೆವ್ವವಿಲ್ಲ. ಮನೆಯ ಬಾಗಿಲುಗಳು ಒಂದೊಂದಾಗಿ ಗೋಡೆಯಾಗುತ್ತವೆ, ಅದು ಗೊತ್ತಾಗುವುದು ಸೊಸೆಗೆ ಮಾತ್ರ. ಮಿಕ್ಕವರು ಅವಳ ತಲೆ ಸವರಿ ಹೇಳುತ್ತಾರೆ: "ಅಲ್ಲಿ ಬಾಗಿಲು ಯಾವತ್ತೂ ಇರಲಿಲ್ಲಮ್ಮ. ನೀನು ಸುಮ್ನೆ ಏನೇನೋ ಕಲ್ಪಿಸ್ಕೋತೀಯ."

"ಪಾಪ ಕಣೇ ಆ ಹುಡುಗಿ. ಎಂಥಾ ಜನ!" ಎಂದು ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ಇದು ಮನೆಯೆಂಬ ವ್ಯವಸ್ಥೆಯ ರೂಪಕ ಎಂದು ನಾನು ಊಟದ ಹೊತ್ತಿಗೆ ವಿವರಿಸಿದ್ದೂ ಉಂಟು. ಎಂ.ಎ. ಓದಿದ್ದಕ್ಕೆ ಅಷ್ಟಾದರೂ ಬೇಡವೇ. ಅತ್ತಿಗೆ ಚಪಾತಿ ಬಡಿಸುತ್ತ ಕೇಳಿಸಿಕೊಂಡಿದ್ದರು.

ಮದುವೆಗೆ ಮುಂಚೆ ಅವರು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ಈಗ ಯಶವಂತಪುರದ ಒಂದು ಕಾಲೇಜಿನಲ್ಲಿ ಮಧ್ಯಾಹ್ನದವರೆಗಿನ ಕೆಲಸ ಸಿಕ್ಕಿತ್ತು. ಬರುತ್ತೇನೋ ಇಲ್ಲವೋ ಎಂದು ಮರುದಿನ ಹತ್ತು ಗಂಟೆಯೊಳಗೆ ತಿಳಿಸಬೇಕಿತ್ತು. ಆ ಸಂಜೆ, ಜಾಹೀರಾತು ಬಂದಾಗ, ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಕೀ ಕೇಳಿದರು.

"ಕೀ ಯಾಕಮ್ಮ? ಮನೇಲಿ ನಾನಿರ್ತೀನಲ್ಲ," ಅಂದಳು ಅಮ್ಮ.

"ಎರಡು ಗಂಟೆಗೆ ನೀವು ಮಲಗಿರ್ತೀರಿ ಅತ್ತಿ. ಬೆಲ್ ಹೊಡದ್ರ ಎಚ್ಚರಾಗ್ತದ."

"ಹಂಗಾದ್ರೆ ಆ ಕೆಲ್ಸಾನೇ ಬೇಡ ಬಿಡು. ನನ್ನ ನಿದ್ದೆ ಹಾಳು ಮಾಡಿ ಸಂಪಾದಿಸೋದೇನಿದೆ?"

ಅಣ್ಣ ಟಿ.ವಿ.ಯಿಂದ ಕಣ್ಣು ತೆಗೆಯದೆ, "ನಿನ್ನನ್ನೇನು ಕೂಡಿಹಾಕಿದೀವಾ? ಇದೇನ್ ಸೀರಿಯಲ್ಲಾ?" ಅಂದ. ಎಲ್ಲರೂ ನಕ್ಕೆವು. ನಾನೂ.

ಅತ್ತಿಗೆ ನನ್ನ ಕಡೆ ತಿರುಗಿದರು. "ನಿನ್ನ ಹತ್ರ ಐತಲ್ಲ. ನೀ ಯಾವಾಗ ಕೇಳಿ ಇಸ್ಕೊಂಡಿ?"

ಕೇಳಿರಲಿಲ್ಲ. ಪಿ.ಯು.ಸಿ. ಸೇರಿದ ದಿನ ಅಮ್ಮನೇ ಕರೆದು ಕೈಗಿಟ್ಟಿದ್ದಳು. ಅದನ್ನು ಹೇಳುವ ಬದಲು, "ನೀವು ಸುಮ್ನೆ ಏನೇನೋ ಕಲ್ಪಿಸ್ಕೋತೀರ ಅತ್ತಿಗೆ," ಅಂದೆ.

ಅಂದ ಮೇಲೆ ಅದು ಯಾರ ಮಾತು ಎಂಬುದು ಹೊಳೆಯಿತು. ಅವರಿಗೂ ಹೊಳೆದಿತ್ತು. ಒಳಗೆ ಹೋದರು. ಜಾಹೀರಾತು ಮುಗಿಯಿತು. ಅಮ್ಮ ಮತ್ತೆ ಪರದೆಯ ಹುಡುಗಿಗಾಗಿ ಮರುಗತೊಡಗಿದಳು.

ಮರುದಿನ ಬೆಳಿಗ್ಗೆ ಹಳೇ ಪೇಟೆಯ ಕೀ ಅಂಗಡಿ ತೆಗೆಯುವವರೆಗೂ ಕಾದು, ನನ್ನದರ ಅಚ್ಚಿಗೆ ಇನ್ನೊಂದು ಮಾಡಿಸಿದೆ. ಮನೆಗೆ ಬಂದು, ಅಡುಗೆಮನೆಯಲ್ಲಿ ಅತ್ತಿಗೆಯ ಕೈ ಹಿಡಿದು ಸದ್ದಿಲ್ಲದೆ ಅದನ್ನಿಟ್ಟೆ. ಅವರು ಅದನ್ನು ನೋಡಿದರು, ಮುಷ್ಟಿ ಮುಚ್ಚಲಿಲ್ಲ.

"ಹಿಂಗ ಕದ್ದು ಯಾಕ? ಅತ್ತಿಯವರ ಎದುರಿಗೆ ಕೊಡ್ತೀಯೇನು?"

ಅಮ್ಮ ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಳು. ಹತ್ತು ಹೆಜ್ಜೆ ದೂರವಿಲ್ಲ. ಗೋಡೆ ಗಡಿಯಾರದಲ್ಲಿ ಒಂಬತ್ತೂವರೆ. "ನಂಗೆ ಆಫೀಸಿಗೆ ಲೇಟಾಯ್ತು," ಅಂದೆ.

ಅತ್ತಿಗೆ ಕೀಯನ್ನು ನನ್ನ ಕೈಗೆ ವಾಪಸಿಟ್ಟು, ಒಲೆಯ ಕಡೆ ತಿರುಗಿದರು. ಎರಡೂ ಕೀಗಳನ್ನು ಬ್ಯಾಗಿಗೆ ಹಾಕಿಕೊಂಡು ಅಮ್ಮನಿಗೆ ಬರ್ತೀನಿ ಎಂದು ಹೇಳಿ ಹೊರಟೆ. ಚಪ್ಪಲಿ ಬಾಗಿಲ ಪಕ್ಕದಲ್ಲೇ ಬಿದ್ದಿತ್ತು. ಅದನ್ನು ಕಾಲಿಂದ ಒಳಗೆ ಸರಿಸಿ, ಬಾಗಿಲು ಎಳೆದುಕೊಂಡೆ.